ಹಲ್ಲಿನ ಬಣ್ಣ, ಬೋರಿಂಗಿನ ಬಣ್ಣ

ಫೋಟೋದಲ್ಲಿ ಅಕ್ಕನ ಹಲ್ಲು ಬೆಳ್ಳಗೆ ಮಾಡಿಬಿಟ್ಟಿದ್ದಾರೆ.

ಮಸ್ಕಿಯ ಫ್ಲೆಕ್ಸ್ ಅಂಗಡಿಯಲ್ಲಿ ಅದನ್ನು ಬಿಚ್ಚಿ ತೋರಿಸಿದಾಗ ನನಗೆ ಮೈ ಉರಿಯಿತು. ಮೇಲೆ ದೊಡ್ಡ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’, ಎರಡೂ ಕಡೆ ಉರಿಯುವ ದೀಪ, ನಡುವೆ ನಗುತ್ತಿರುವ ಅಕ್ಕ. ಹಣೆಯ ವಿಭೂತಿ ಅವಳದೇ, ಕಿವಿಯ ಬೆಂಡೋಲೆ ಅವಳದೇ, ಬಾಯೊಳಗಿನ ಹಲ್ಲು ಮಾತ್ರ ಯಾರವೋ.

“ಇದೇನು ಮಾಡೀಯಪಾ?” ಅಂದೆ.

“ಹಲ್ಲು ಕ್ಲೀನ್ ಮಾಡೀನಿ ಮಾಮಾ. ನೀವು ಹೇಳದಿದ್ರೂ ಮಾಡೀನಿ. ಹೋದವ್ರು ಚಂದ ಕಾಣ್ಬೇಕಲ್ಲ?”

ನಾನು ಬೈಯುವಷ್ಟರಲ್ಲಿ ನಮ್ಮ ಕಡೆಯವರು ಅದನ್ನು ಸುತ್ತಿ ಗಾಡಿಗೆ ಹಾಕಿಕೊಂಡು ಹೋದರು. ಊರ ಬಾಗಿಲಲ್ಲಿ ಕಟ್ಟಿದರು. ಬಂದವರು ಹೋದವರೆಲ್ಲ ನಿಂತು ನೋಡಿ, “ಎಷ್ಟು ಚಂದ ಬಂದೈತಿ ಫೋಟೋ!” ಅಂದರು. ಅಕ್ಕ ಬದುಕಿದ್ದಾಗ ಆ ಬಾಯಿ ತೆರೆದರೆ ಮುಖ ಹೊರಳಿಸುತ್ತಿದ್ದ ಜನವೇ ಇವರು. ಆ ಹಲ್ಲುಗಳನ್ನು ಮರೆಮಾಚುವ ಕೆಲಸ ಅವಳು ಸತ್ತ ಮೇಲೂ ನಿಲ್ಲಲಿಲ್ಲ. ಆ ಕೆಲಸ ಮೊದಲು ಮಾಡಿದವನು ನಾನು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಗೋಡೆಯ ಮೇಲೆ, ಟ್ರ್ಯಾಕ್ಟರಿನ ಹಿಂದೆ, ಅಂಗಡಿಯ ಹಲಗೆಯ ಮೇಲೆ ಬರೆದು ಹೊಟ್ಟೆ ಹೊರೆಯುವವನು. ಇಷ್ಟುದ್ದ ಎಂದೂ ಬರೆದವನಲ್ಲ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ಅಕ್ಕನ ಹಲ್ಲು ಕಪ್ಪು ಅನ್ನುತ್ತಿದ್ದರು. ಸುಳ್ಳು. ಪೇಂಟರನ ಕಣ್ಣಿನಿಂದ ಹೇಳುತ್ತೇನೆ: ವಸಡಿನ ಹತ್ತಿರ ಸುಣ್ಣ ಮೆತ್ತಿದಂಥ ಬಿಳಿ ಮಚ್ಚೆ, ನಡುವೆ ಹಳದಿ ಮಣ್ಣಿನ ಬಣ್ಣ, ತುದಿಗೆ ಬಹಳ ಹೊತ್ತು ಕುದಿಸಿದ ಚಹಾದ ಕಂದು. ಒಂದೊಂದು ಹಲ್ಲಿಗೂ ಬೇರೆ ಬೇರೆ ಗೆರೆ. ನನ್ನವು ಬೆಳ್ಳಗಿವೆ. ಒಂದೇ ತಾಯಿ, ಒಂದೇ ಮೊಲೆಹಾಲು. ಆದರೆ ನಾನು ನಡೆಯಲು ಕಲಿತ ಮೇಲೆ ನನ್ನನ್ನು ಸಿಂಧನೂರಿನ ಸೋದರಮಾವನ ಮನೆಗೆ ಕಳಿಸಿದರು. “ಗಂಡು ಹುಡುಗ, ಕಾಲುವಿ ಸೀಮ್ಯಾಗ ನೆಲ್ಲಕ್ಕಿ ಅನ್ನ ಉಂಡು ಬೆಳೀಲಿ,” ಅಂದರಂತೆ. ನಾನು ಕಾಲುವೆ ನೀರು ಕುಡಿದು ಬೆಳೆದೆ. ಅಕ್ಕ ಮಸ್ಕಿ ಮತ್ತು ಲಿಂಗಸುಗೂರಿನ ನಡುವಿನ ನಮ್ಮ ಮಳೆಯಾಶ್ರಿತ ಊರಿನಲ್ಲಿ, ಊರ ಬಾಗಿಲ ಬೋರಿಂಗಿನ ನೀರು ಕುಡಿದು ಬೆಳೆದಳು. ಕೈಯಿಂದ ಜಗ್ಗುವ ಪಂಪಿಗೆ ನಮ್ಮ ಕಡೆ ಬೋರಿಂಗು ಅನ್ನುತ್ತೇವೆ. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಬರೆಯುವುದಿಲ್ಲ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಶಾಲೆಯ ಸೂಟಿಯಲ್ಲಿ ಊರಿಗೆ ಬಂದಾಗ ಅಕ್ಕ ನನ್ನ ಗದ್ದ ಹಿಡಿದು ಬಾಯಿ ತೆರೆಸುತ್ತಿದ್ದಳು. ಓಣಿಯ ಹೆಂಗಸರನ್ನು ಕರೆದು, “ನೋಡ್ರೆವ್ವಾ, ಕಾಲುವಿ ಹಲ್ಲು. ಮುತ್ತು ಪೋಣಿಸಿದಂಗ ಅದಾವ,” ಅನ್ನುತ್ತಿದ್ದಳು. ಅವಳಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಈಗ ಎಷ್ಟೋ ಹಗುರಾಗುತ್ತಿತ್ತು.

ಸಣ್ಣವಳಿದ್ದಾಗ ಇಟ್ಟಂಗಿ ಪುಡಿ, ಉಪ್ಪು, ಬೂದಿ ಎಲ್ಲ ಹಾಕಿ ತಿಕ್ಕುತ್ತಿದ್ದಳು. ವಸಡು ಒಡೆದು ರಕ್ತ ಬರುತ್ತಿತ್ತು, ಬಣ್ಣ ಹೋಗುತ್ತಿರಲಿಲ್ಲ. ಆಮೇಲೆ ಒಂದು ದಿನ ಬಿಟ್ಟಳು. ಬಿಟ್ಟ ಮೇಲೆ ಬಾಯಿಗೆ ಎಂದೂ ಸೆರಗು ಅಡ್ಡ ಹಿಡಿಯಲಿಲ್ಲ. ಕಿರುನಾಲಿಗೆ ಕಾಣುವಂತೆ ನಗುತ್ತಿದ್ದಳು. ಅವಳ ಮದುವೆಯಲ್ಲಿ ಯಾರೋ ಮುದುಕಿ, “ಮದುಮಗಳು ಬಾಯಿ ಮುಚ್ಕೊಂಡು ಕುಂದ್ರಬೇಕವ್ವ, ಬೀಗರು ನೋಡ್ತಾರ,” ಅಂದಳು. ಅಕ್ಕ ಅಂದದ್ದು: “ಎಷ್ಟು ದಿನ ಮುಚ್ಕೊಂಡು ಕುಂದ್ರಲಿ ಆಯೀ? ನಾಳಿ ಉಣ್ಣಾಕರ ತೆಗೀಬೇಕಲ್ಲ!” ಬೀಗರೂ ನಕ್ಕರು. ಅವರೂ ಅದೇ ಊರಿನವರೇ. ನಕ್ಕವರ ಬಾಯಿ ತುಂಬ ಅದೇ ಬಣ್ಣ.

ಊರಲ್ಲಿ ಆ ಬಣ್ಣಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ವಂಶದ ದೋಷ, ಹಿಂದಿನ ಜನ್ಮದ ಪಾಪ, ಹೆಂಗಸರು ಕದ್ದು ತಿನ್ನುವ ತಂಬಾಕು. ಅಕ್ಕನಿಗೆ ನಿಜವಾದ ಕಾರಣ ತಿಳಿದದ್ದು ಸರಕಾರದ ಕಡೆಯ ಒಬ್ಬ ಮೇಡಂ ಬಂದು ನೀರು ನೋಡಿದಾಗ. ಜೀಪಿನಲ್ಲಿ ಬಂದಿದ್ದ ಆ ಮೇಡಮ್ಮನ ಪೆಟ್ಟಿಗೆಯಲ್ಲಿ ಗಾಜಿನ ನಳಿಕೆಗಳಿದ್ದವು. ತಾನು ತಂದಿದ್ದ ಒಳ್ಳೆಯ ನೀರಿಗೆ ಒಂದಿಷ್ಟು ಔಷಧಿ ಬಿಟ್ಟರೆ ಅದು ಗುಲಾಬಿ ಆಯಿತು. ನಮ್ಮ ಬೋರಿಂಗಿನ ನೀರಿಗೆ ಬಿಟ್ಟರೆ ಗುಲಾಬಿ ನಿಲ್ಲದೆ ಹಳದಿಗೆ ತಿರುಗಿತು. ಅಕ್ಕ ಕೊಡ ಕೆಳಗಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಏಳಲೇ ಇಲ್ಲ. ಕೇಳಿ ಕೇಳಿ ಆ ಮೇಡಮ್ಮನ ತಲೆ ತಿಂದಳು.

ಅವಳು ತಿಳಿದುಕೊಂಡು ಬಂದು ನನಗೆ ಹೇಳಿದ್ದು ಇಷ್ಟು. ನಮ್ಮ ನೆಲದೊಳಗಿನ ಕಲ್ಲಿನಲ್ಲಿ ಫ್ಲೋರೈಡ್ ಅನ್ನುವುದು ಇದೆ. ನೀರು ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಕ್ಕಳ ಹಲ್ಲು ವಸಡಿನೊಳಗೆ ಇನ್ನೂ ತಯಾರಾಗುವಾಗ ಅದು ಹೊಕ್ಕು ಮೇಲಿನ ಗಟ್ಟಿ ಪದರವನ್ನು ಕೆಡಿಸುತ್ತದೆ. ಹಲ್ಲು ಸುಣ್ಣದ ಹಾಗೆ ಬೆಳ್ಳಗೆ, ತೂತು ತೂತಾಗಿ ಹುಟ್ಟುತ್ತದೆ. ಆ ತೂತಿನೊಳಗೆ ಆಮೇಲೆ ನೀರಿನ, ಊಟದ ಕಬ್ಬಿಣ, ಮ್ಯಾಂಗನೀಸು ಇಳಿದು ಕಂದು ಏರುತ್ತದೆ. ನನಗೆ ಇದು ಕೂಡಲೇ ಅರ್ಥವಾಯಿತು. ಪುಟ್ಟಿ ಸರಿಯಾಗಿ ಹಚ್ಚದ ಗೋಡೆಯೂ ಹಾಗೆಯೇ. ಮೇಲಿನಿಂದ ಬೀಳುವ ಕಲೆಯನ್ನೆಲ್ಲ ಒಳಗೆ ಕುಡಿಯುತ್ತದೆ, ತಿಕ್ಕಿದರೆ ಹೋಗುವುದಿಲ್ಲ.

“ನೋಡ್ಲೇ ತಮ್ಮಾ,” ಅಂದಳು ಅಕ್ಕ, “ನೀರು ಭಾಳ ಕಳ್ಳ ಐತಿ. ತನ್ನ ಮೈಮ್ಯಾಲೆ ಏನೂ ತೋರ್ಸಂಗಿಲ್ಲ. ಮುಟ್ಟಿದ್ದಕ್ಕ ಹಚ್ಚಿ ಹೋಗ್ತದ.”

ಅಂದಿನಿಂದ ಅವಳಿಗೆ ಬಣ್ಣದ ಹುಚ್ಚು ಹಿಡಿಯಿತು. ಬೋರಿಂಗಿನ ಕೆಳಗಿನ ಬಂಡೆಯ ಮೇಲೆ ಇಳಿದ ಕೆಂಪು ಪಟ್ಟಿ ತೋರಿಸಿ, “ಇದು ಕಬ್ಬಿಣ,” ಅನ್ನುವಳು. ತಾಮ್ರದ ಕೊಡಕ್ಕೆ ಹತ್ತಿದ ಹಸಿರು ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಾ, “ಕೆಂಪನ ತಾಮ್ರ ಹಸರ ಯಾಕ ಆಗ್ತದೋ? ಒಳಗ ಏನೋ ಸಿಟ್ಟು ಇರಬೇಕು,” ಅನ್ನುವಳು. ನಾನು ಪೇಂಟಿನ ಅಂಗಡಿಯಲ್ಲಿ ಕೇಳಿದ್ದನ್ನು ಹೇಳುತ್ತಿದ್ದೆ: ಕಿಟಕಿಯ ಸರಳಿಗೆ ಹಚ್ಚುವ ರೆಡ್ ಆಕ್ಸೈಡ್ ಅಂದರೆ ಕಬ್ಬಿಣದ ತುಕ್ಕೇ, ಬಿಳಿ ಬಣ್ಣದಲ್ಲಿ ಸತುವಿನ ಪುಡಿ ಇರುತ್ತದೆ, ಒಂದು ಹಸಿರು ಕ್ರೋಮಿನಿಂದ ಬರುತ್ತದೆ. “ಹಂಗಾರ ನಿನ್ನ ಡಬ್ಬಿ ತುಂಬ ಬರೇ ಕಲ್ಲನ ಐತಿ! ಕಲ್ಲು ಮಾರಿ ಬದುಕಾವ ನೀ,” ಎಂದು ನಗುತ್ತಿದ್ದಳು.

ಅವಳು ಹೇಳಿದ್ದೆಲ್ಲ ಸರಿ ಇರುತ್ತಿತ್ತು ಅಂತಲ್ಲ. ಇಟ್ಟಂಗಿ ಕೆಂಪಾಗುವುದು ಬೆಂಕಿಯ ಬಣ್ಣ ಅದರೊಳಗೆ ಇಳಿಯುವುದರಿಂದ ಎಂದು ವಾದಿಸುತ್ತಿದ್ದಳು. ಮಣ್ಣಿನ ಕಬ್ಬಿಣ ಬೆಂಕಿಯಲ್ಲಿ ಕೆಂಪಾಗುತ್ತದಂತೆ ಅಂದರೆ, “ನಮ್ಮ ಎರಿ ಮಣ್ಣು ಸುಟ್ರೂ ಕೆಂಪನ ಆಗ್ತದಲ್ಲ. ಕರಿ ಮಣ್ಣಿನಾಗೂ ಕಬ್ಬಿಣ ಐತನು?” ಅಂದಳು. ನನಗೆ ಗೊತ್ತಿರಲಿಲ್ಲ. “ಗೊತ್ತಿಲ್ಲಂದ್ರ ಸುಮ್ಮನ ಕುಂದರು,” ಅಂದಳು.

ಒಮ್ಮೆ ಕುರಿಗಳ ಗೊರಸಿಗೆ ಹಾಕಲು ತಂದ ಮೈಲುತುತ್ತವನ್ನು ಒಲೆಯ ಹತ್ತಿರ ತಗಡಿನ ಮೇಲೆ ಇಟ್ಟು ಮರೆತಿದ್ದಳು. ಕಾದು ಕಾದು ಅದರ ನೀಲಿಯೆಲ್ಲ ಹೋಗಿ ಬೂದಿಯ ಹಾಗೆ ಬೆಳ್ಳಗಾಯಿತು. ಕೆಟ್ಟಿತು ಅಂದುಕೊಂಡು ಬಿಸಾಡಲು ನೀರು ಸುರಿದಳು. ಸುರಿದ ಕೂಡಲೇ ನೀಲಿ ಮರಳಿ ಬಂತು. ಓಣಿಯವರನ್ನೆಲ್ಲ ಕೂಗಿ ಕರೆದಳು. ಮತ್ತೆ ಕಾಸಿದಳು, ಮತ್ತೆ ಸುರಿದಳು. ಗಂಡ ರೊಟ್ಟಿಗೆ ಕಾದು ಕಾದು, “ಬೇ, ಮಾಟಗಾತಿ, ಮೊದಲು ಉಣ್ಣಾಕ ಹಾಕು,” ಎಂದು ಬೈದ. ಎಲ್ಲರೂ ಹೋದ ಮೇಲೆ ನನ್ನೊಬ್ಬನಿಗೆ ಅಂದಳು: “ಬಣ್ಣ ಹಿಂಗ ಹೋಗಿ ಬರಂಗಿದ್ರ, ಹಲ್ಲಿಗೂ ಏನರ ಇದ್ದೀತೇನೋ ತಮ್ಮಾ?” ನಾನು ಇಲ್ಲ ಅನ್ನಲಿಲ್ಲ. ಅವಳಿಗೆ ಇಲ್ಲ ಅನ್ನುವುದು ನನಗೆ ಯಾವತ್ತೂ ಬರಲಿಲ್ಲ. ಅದನ್ನು ಪ್ರೀತಿ ಅಂದುಕೊಂಡಿದ್ದೆ. ಅದು ಹೇಡಿತನ.

ಅವಳ ಹಲ್ಲಿನದು ಮುಗಿದ ಕಥೆ, ಅವಳಿಗೆ ಗೊತ್ತಿತ್ತು. ಅವಳ ಕಣ್ಣು ಇದ್ದದ್ದು ಕಂಕುಳದಲ್ಲಿದ್ದ ಮಗಳು ಭಾಗ್ಯಳ ಮೇಲೆ. ಆಗಿನ್ನೂ ಮಸ್ಕಿ ತಾಲೂಕು ಆಗಿರಲಿಲ್ಲ, ಕಚೇರಿ ಕೆಲಸವೆಲ್ಲ ಲಿಂಗಸುಗೂರಿಗೆ. ಅಕ್ಕ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿ ಹೋಗಿ, ಒಬ್ಬೊಬ್ಬ ಸಾಹೇಬನ ಟೇಬಲ್ಲಿನ ಮುಂದೆಯೂ ಬಾಯಿ ತೆರೆದು ಹಲ್ಲು ತೋರಿಸಿ ಬಂದಳು. “ಇವನ್ನ ನೋಡ್ರಿ. ಈ ಕೂಸಿಗೂ ಇವ ಬೇಕೇನ್ರಿ?” ಕೊನೆಗೆ ಅವರು ಬಂದು ಬೋರಿಂಗಿಗೆ ಕೆಂಪು ಬಣ್ಣ ಬಳಿದು ಹೋದರು. ಕೆಂಪು ಬಳಿದ ಬೋರಿಂಗಿನ ನೀರು ಬಳಸಬಹುದು, ಕುಡಿಯಬಾರದು. ಅಂದು ಅಕ್ಕ ಬೋರಿಂಗಿನ ಸುತ್ತ ತಿರುಗಿ ತಿರುಗಿ ನೋಡಿದಳು. “ಈಗ ಈ ಕಳ್ಳ ನೀರಿಗೆ ಬಣ್ಣ ಬಂತು,” ಅಂದಳು.

ಊರಿಗೆ ಅದು ಹಿಡಿಸಲಿಲ್ಲ. ಕುಡಿಯುವ ನೀರಿಗೆ ಹಳ್ಳ ದಾಟಿ ಸೀನೀರ ಬಾವಿಗೆ ಹೋಗಬೇಕಾಯಿತು. ಹೆಂಗಸರು ಅಕ್ಕನ ಮನೆಯ ಮುಂದೆ ಹೋಗುವಾಗ ಬೇಕೆಂದೇ ಗಟ್ಟಿಯಾಗಿ ಏದುಸಿರು ಬಿಡುತ್ತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಮುದಗಲ್ ಕಡೆಯಿಂದ ಹೆಣ್ಣು ನೋಡಲು ಬಂದವರ ಟೆಂಪೋ ಊರ ಬಾಗಿಲಲ್ಲೇ ನಿಂತಿತು. ಕೆಂಪು ಬೋರಿಂಗು ನೋಡಿದರು, ನೀರು ತುಂಬುತ್ತಿದ್ದವರ ಬಾಯಿ ನೋಡಿದರು, ಕೆಳಗೂ ಇಳಿಯದೆ ಟೆಂಪೋ ತಿರುಗಿಸಿಕೊಂಡು ಹೋದರು. ಆಮೇಲೆ ಇನ್ನೊಂದು ಸಂಬಂಧ ತಪ್ಪಿತು. ಹಲ್ಲು ಕೆಟ್ಟಿದ್ದು ಯಾರಿಗೂ ದೊಡ್ಡದಾಗಲಿಲ್ಲ. ಕೆಟ್ಟಿದೆ ಎಂದು ಊರ ಬಾಗಿಲಲ್ಲಿ ಬಣ್ಣ ಬಳಿದದ್ದು ದೊಡ್ಡದಾಯಿತು.

ಊರ ಸಾಹುಕಾರ, ನಾನು ಬೋರ್ಡು ಬರೆಯುತ್ತಿದ್ದ ಮಸ್ಕಿಗೆ ನನ್ನನ್ನು ಹುಡುಕಿಕೊಂಡು ಬಂದ. ನನಗೆ ಆಗ ಸಿಂಧನೂರ ಹತ್ತಿರದ ಹುಡುಗಿಯ ಜೊತೆ ಮಾತು ನಡೆದಿತ್ತು.

“ನಿಮ್ಮ ಬೀಗರು ಬರೋ ಸೋಮವಾರ ಬರಾಕತ್ಯಾರಂತಲ್ಲ?”

“ಹೌದ್ರಿ ಸಾವ್ಕಾರ್ರ.”

“ಕಾಲುವಿ ಸೀಮಿ ಮಂದಿ. ಕೆಂಪು ಬೋರಿಂಗು ನೋಡಿ ನಿನಗ ಹೆಣ್ಣು ಕೊಡ್ತಾರನು? ನಿನ್ನ ಹಲ್ಲು ಬೆಳ್ಳಗ ಅದಾವ ಖರೆ. ನಿಮ್ಮಕ್ಕಂದು, ನಿಮ್ಮವ್ವಂದು?” ಅಂದ. “ನೀ ಪೇಂಟರ ಅದೀ. ಮತ್ತೊಬ್ಬರನ್ನ ಎದಕ್ಕ ಕರಸೂದು?”

ಅಕ್ಕ ಊರಿಗೆ ಕುಡಿಯುವ ನೀರು ತರುವ ಪೈಪ್‌ಲೈನಿನ ವಿಷಯ ಕೇಳಲು ಕೂಸಿನೊಂದಿಗೆ ಲಿಂಗಸುಗೂರಿಗೆ ಹೋದ ದಿನ ನೋಡಿ ನಾನು ಬಳಿದೆ. ಬೇಕಾಬಿಟ್ಟಿ ಬಳಿಯಲಿಲ್ಲ. ಉಸುಕಿನ ಕಾಗದದಿಂದ ತಿಕ್ಕಿದೆ, ಕೆಂಪು ಎಲ್ಲೂ ಇಣುಕಬಾರದೆಂದು ಒಂದರ ಮೇಲೊಂದು ಎರಡು ಕೈ ನೀಲಿ ಹೊಡೆದೆ. ನೀಲಿ ಅಂದರೆ ಕುಡಿಯಬಹುದು. ಬಳಸುವ ಸವಳು ನೀರನ್ನು ಟ್ಯಾಂಕಿನಿಂದ ಬಿಡುವ ಹುಸೇನಪ್ಪ ವಾಲ್ವಿನ ಚಾವಿ ಹಿಡಿದು ಅಲ್ಲೇ ನಿಂತಿದ್ದ. ಪಂಚಾಯಿತಿಯ ಕೆಲಸದವನು, ಮೆತ್ತಗಿನ ಮನುಷ್ಯ.

“ತಮ್ಮಾ, ನಿಮ್ಮಕ್ಕ ಬಂದು ಕೇಳಿದ್ರ ಏನಂತೀ?” ಅಂದ.

“ನಿನ್ನ ಕೆಲಸ ನೀ ನೋಡ್ಕೊ,” ಅಂದೆ.

ಸಂಜೆ ಅಕ್ಕ ಬಸ್ಸಿಳಿದವಳು ಅಲ್ಲೇ ನಿಂತುಬಿಟ್ಟಳು. ಕಟ್ಟೆಯ ಮೇಲಿದ್ದ ಸಾಹುಕಾರ ಕೂಗಿ ಹೇಳಿದ: “ಸಾಹೇಬ್ರು ಬಂದಿದ್ರವ್ವಾ, ಮತ್ತ ನೀರು ನೋಡಿದ್ರು. ಮಳಿ ಚಲೋ ಆಗಿ ನೀರು ಸುದ್ದ ಆಗ್ಯಾವಂತ. ಅವ್ರನ ನೀಲಿ ಬಳದು ಹೋದ್ರು.” ಅಕ್ಕ ಅವನ ಮಾತು ನಂಬಲಿಲ್ಲ. ಕಟ್ಟೆಯ ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದಳು.

“ಹೌದನೋ ತಮ್ಮಾ? ನೀ ಕಣ್ಣಿಲೆ ನೋಡಿಯನು?”

“ಹೌದಕ್ಕಾ,” ಅಂದೆ. ಅಷ್ಟಕ್ಕೆ ಬಿಡಲಿಲ್ಲ. “ಔಷಧಿ ಹಾಕಿ ತೋರ್ಸಿದ್ರು. ಗುಲಾಬಿ ಹಂಗ ನಿಂತಿತ್ತು.”

ಅಕ್ಕ ನಂಬಿದಳು. ಬಂಡೆಯ ಮೇಲೆ ಕೂತು ಅತ್ತಳು, ನಕ್ಕಳು. ಆಮೇಲೆ ಎದ್ದು ತಾನೇ ಬೋರಿಂಗು ಜಗ್ಗಿ, ತಂಬಿಗೆ ತುಂಬಿ, ಮೊದಲು ಕಂಕುಳದ ಕೂಸಿನ ಬಾಯಿಗೆ ಹಿಡಿದಳು. ಗಟಗಟ ಕುಡಿಯಿತು ಕೂಸು. ನಾನು ನೋಡುತ್ತಾ ನಿಂತಿದ್ದೆ. ಬೆರಳಿನ ಸಂದಿಯಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ, ಕೈ ಲುಂಗಿಯೊಳಗೆ ಮುಚ್ಚಿಕೊಂಡಿದ್ದೆ.

ಸೋಮವಾರ ಬೀಗರು ಬಂದರು. ಒಪ್ಪಿದರು. ನನ್ನ ಮದುವೆಯಾಯಿತು. ಮಸ್ಕಿಯಲ್ಲಿ ಮನೆ ಮಾಡಿದೆವು. ನನ್ನ ಮಕ್ಕಳ ಹಲ್ಲು ಬೆಳ್ಳಗಿವೆ. ಇದನ್ನು ಬರೆಯುವಾಗ ಪೆನ್ನು ಮುರಿಯಬೇಕು ಅನ್ನಿಸುತ್ತದೆ.

ಭಾಗ್ಯಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಸುಣ್ಣದಂತೆ ಬಂದವು. ನೋಡನೋಡುತ್ತ ಕಂದು ಏರಿತು. ಅಕ್ಕ ಹುಡುಗಿಯನ್ನು ಕರೆದುಕೊಂಡು ಮತ್ತೆ ಲಿಂಗಸುಗೂರಿಗೆ ಹೋದಳು. ನೀರು ನೋಡುವವರು ಅಂದರು: ಆ ಬೋರಿಂಗನ್ನು ನಾವು ಮತ್ತೆ ನೋಡಿಲ್ಲ, ನೀಲಿ ಬಳಿದಿಲ್ಲ, ಅಲ್ಲಿಗೆ ಯಾರೂ ಬಂದೇ ಇಲ್ಲ.

ಅವಳು ಊರಿಗೆ ಬಂದದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂದು ಪಂಚಾಯಿತಿ ಗೋಡೆಗೆ ಅಕ್ಷರ ಬರೆಯಲು ನಾನೂ ಊರಲ್ಲಿದ್ದೆ. ಅಕ್ಕ ನೆಟ್ಟಗೆ ಹುಸೇನಪ್ಪನ ಹತ್ತಿರ ಹೋದಳು. ಟ್ಯಾಂಕಿಗೆ ಬಳಿದು ಉಳಿದ ನೀಲಿ ಬಣ್ಣ ಅವನ ಕೋಣೆಯಲ್ಲಿ ಇರುತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಅವನ ಅಂಗಿಯ ಕೊರಳು ಹಿಡಿದು ಕಟ್ಟೆಯ ಮುಂದೆ ಎಳೆದು ತಂದಳು. ಕಾಲಿನ ಚಪ್ಪಲಿ ತೆಗೆದು ಹೊಡೆದಳು.

“ನನ್ನ ಮಗಳ ಬಾಯಿಗೆ ವಿಷ ಹಾಕಿದೆಲ್ಲೋ ಭಾಡ್ಯಾ! ನೀರಿಲ್ಲಂತ ಮಂದಿ ನಿನ್ನ ಬೈಬಾರದಂತ ಬಳದಿಯನು? ಯಾವನೋ ಹಾದ್ಯಾಗ ಹೋಗಾವನ್ನ ತಂದು ಸಾಹೇಬ ಅಂತ ನನ್ನ ತಮ್ಮಗ ತೋರಿಸಿದಿ. ಪಾಪ, ಅವಂಗೂ ಮೋಸ ಮಾಡಿದಿ!”

ನನಗೂ ಮೋಸ. ಹಾಗೆ ತಿಳಿದಿದ್ದಳು ಅವಳು. ಹುಸೇನಪ್ಪ ಹೊಡೆತ ತಡೆಯಲು ಕೈ ಎತ್ತಲಿಲ್ಲ. ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ತಿರುಗಿ ಅರ್ಧ ಬರೆದಿದ್ದ ಅಕ್ಷರಕ್ಕೆ ಬ್ರಶ್ ಇಟ್ಟೆ. ಕಟ್ಟೆಯ ಮೇಲೆ ಸಾಹುಕಾರನೂ ಇದ್ದ, ಹಿರಿಯರೂ ಇದ್ದರು. ಅವರಿಗೆಲ್ಲ ಗೊತ್ತಿತ್ತು. ಎಲೆಯಡಿಕೆ ಜಗಿಯುತ್ತಾ ನೋಡಿದರು. ಈ ಜನ ಗುಡಿಯಲ್ಲಿ ಕೂತು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಧರ್ಮದ ಮಾತು ಆಡುತ್ತಾರೆ. ಅವರ ನಡುವೆ ನಾನೂ ಕೂತಿದ್ದೇನೆ, ಪ್ರಸಾದ ತಿಂದಿದ್ದೇನೆ. ಹುಸೇನಪ್ಪನ ಕೆಲಸ ಹೋಯಿತು. ಊರು ಬಿಟ್ಟ.

ಆಮೇಲೆ ಅಕ್ಕ ನನ್ನನ್ನೇ ಕೇಳಿದಳು: “ತಮ್ಮಾ, ನೀನರ ಕೆಂಪು ಬಳೀಬಾರದನು?” ಪಂಚಾಯಿತಿ ಹೇಳದೆ ಮುಟ್ಟಬಾರದಕ್ಕ ಅಂದೆ. ಮೊದಲ ಸಲ ಯಾರ ಅಪ್ಪಣೆ ಕೇಳಿದ್ದೆನೋ! ಪಂಚಾಯಿತಿಯವರು ಬಳಿಸುತ್ತೇವೆ ಅಂದರು, ಬಳಿಸಲಿಲ್ಲ. ಫಿಲ್ಟರ್ ನೀರಿನ ಮನೆ ಬಂತು. ಅದು ಕೆಟ್ಟಾಗ ಜನ ಬೋರಿಂಗಿಗೇ ಬರುತ್ತಾರೆ. ನೀಲಿ ಇದೆಯಲ್ಲ! ಅಕ್ಕ ಮಾತ್ರ ಹಳ್ಳ ದಾಟಿ ಬಾವಿಗೇ ಹೋಗುತ್ತಿದ್ದಳು, ನಡ ಬಗ್ಗಿ ಕೊಡ ಏರಿಸಲು ಆಗದಾಗುವ ತನಕ. ಬೋರಿಂಗಿನ ಹತ್ತಿರ ಯಾರಾದರೂ ಮಗುವಿಗೆ ನೀರು ಕುಡಿಸುವುದು ಕಂಡರೆ, “ಏ! ಒಗಿ ಆ ನೀರು!” ಎಂದು ಇಷ್ಟು ದೂರದಿಂದ ಚೀರುತ್ತಿದ್ದಳು. ಜಗಳಗಂಟಿ ಅನ್ನುವ ಹೆಸರು ಬಂತು. ಆ ನೀರು ಎಲುಬಿಗೂ ಇಳಿದಿತ್ತು; ಆ ನೋವಿನಲ್ಲಿ ಹಾಸಿಗೆ ಹಿಡಿದಾಗಲೂ ಸಿಟ್ಟು ಇಳಿಯಲಿಲ್ಲ. ಕೊನೆಗೆ ನನ್ನ ಕೈ ಹಿಡಿದು ಅಂದಳು: “ಆ ಹುಸೇನ್ಯಾ ನನ್ನ ಮಣ್ಣಿಗೆ ಬರಬಾರದು ನೋಡು. ನೀ ನಿಂತು ತಡೀಬೇಕು.”

ನಾನು ಆಯಿತಕ್ಕ ಅಂದೆ. ಅಲ್ಲಿಯೂ ಹೇಳಲಿಲ್ಲ. ಸಾಯುವವಳಿಗೆ ಯಾಕೆ ನೋವು ಕೊಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಕೈ ನನ್ನ ಕೈಯಲ್ಲಿತ್ತು. ಅದು ಬಿಟ್ಟುಹೋಗುತ್ತದೆ ಎನ್ನುವ ಹೆದರಿಕೆಯಷ್ಟೇ ನನ್ನದು.

ಹುಸೇನಪ್ಪ ಮಣ್ಣಿಗೆ ಬಂದಿದ್ದ. ಬೇಲಿಯಾಚೆ ನಿಂತು, ಎಲ್ಲ ಮುಗಿದ ಮೇಲೆ ಹೊರಟುಹೋದ. ನಾನು ತಡೆಯಲಿಲ್ಲ, ಕರೆಯಲೂ ಇಲ್ಲ.

ಫ್ಲೆಕ್ಸಿನ ಬಿಳಿ ಹಲ್ಲು ಕಂಡ ಮೇಲೆ ನನಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಹುಸೇನಪ್ಪನನ್ನು ಹುಡುಕಿಕೊಂಡು ಲಿಂಗಸುಗೂರಿಗೆ ಹೋದೆ. ಅಲ್ಲಿಯ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿನ ಹಿಂದೆ ಹುಸೇನಪ್ಪ ನೀರಿನ ಡ್ರಮ್ಮು ತುಂಬುತ್ತಿದ್ದ. ಮುದುಕನಾಗಿದ್ದಾನೆ. ನನ್ನನ್ನು ನೋಡಿ ಪೈಪು ಬಿಡಲಿಲ್ಲ.

“ಮಾಮಾ, ತಪ್ಪು ನಂದು,” ಅಂದೆ. “ಅಂದು ನೀ ಯಾಕ ಹೇಳಲಿಲ್ಲ?”

“ಯಾರು ಅಂದ್ರು ಹೇಳಲಿಲ್ಲಂತ?” ಅಂದ. “ಊರು ಬಿಡೋ ಮುಂಜಾನಿ ನಿಮ್ಮಕ್ಕನ ಮನಿಗೆ ಹೋಗಿದ್ದೆ. ಬಳದಾವ ನಿನ್ನ ತಮ್ಮ, ನಾ ಕಣ್ಣಿಲೆ ನೋಡೀನಿ ಅಂದೆ. ಕುಡಗೋಲು ತಗೊಂಡು ಬಂದ್ಳು. ‘ನನ್ನ ತಮ್ಮನ ಹೆಸರು ಎತ್ತಿದ್ರ ನಾಲಿಗಿ ಕತ್ತರಸ್ತೀನಿ, ಅವ ನನ್ನ ಮುಂದ ಸುಳ್ಳು ಹೇಳಾವಲ್ಲ’ ಅಂದ್ಳು.”

ಡ್ರಮ್ಮು ತುಂಬಿ ನೀರು ಕಾಲ ಮೇಲೆ ಹರಿಯಿತು. ಅವನು ಪೈಪು ಎತ್ತಿ ಇನ್ನೊಂದಕ್ಕೆ ಹಾಕಿದ.

“ನಾ ಬಡಿಸಿಕೊಂಡದ್ದು ಹೋಗಲಿ. ಆ ಹೆಣ್ಣುಮಗಳು ನಿನ್ನ ಮ್ಯಾಲಿನ ನಂಬಿಕಿಗೆ ಕುಡಗೋಲು ಹಿಡಿದಿದ್ಳು. ನನ್ನ ಮುಂದ ಎದಕ್ಕ ಅಳತೀ? ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಬಸ್ಸು ಹತ್ತಿ ಬಂದೀ? ಹೋಗು, ಗೊತ್ತಿಲ್ಲದವ್ರಿಗೆ ಹೇಳು.”

ಅಲ್ಲಿಂದ ನೇರ ಭಾಗ್ಯಳ ಹತ್ತಿರ ಹೋದೆ. ತಾಯಿ ಹೋದ ಮೇಲೆ ಅವಳು ತಂದೆಯ ಜೊತೆ ಅದೇ ಮನೆಯಲ್ಲಿದ್ದಾಳೆ, ಮಸ್ಕಿಗೆ ಬಂದು ಕಾಲೇಜು ಓದುತ್ತಾಳೆ. ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ. ತಂಬಿಗೆ ಹಿಡಿದದ್ದು, ಗುಲಾಬಿ ಎಂದು ಸುಳ್ಳು ಹೇಳಿದ್ದು, ಕೈ ಮುಚ್ಚಿಕೊಂಡದ್ದು. ಅವಳು ಮೊರ ಕೆಳಗಿಟ್ಟಳು.

“ನೀರು ಈಗೂ ಹಂಗ ಐತಿ ಮಾಮಾ. ಮೊನ್ನೆ ಕಾಲೇಜಿಗೆ ಒಯ್ದು ನೋಡಿಸೀನಿ,” ಅಂದಳು. “ಕೆಂಪು ಬಣ್ಣ ತಾ.”

ಮರುದಿನ ಮುಂಜಾನೆ ಡಬ್ಬಿ, ಬ್ರಶ್ಶು, ಉಸುಕಿನ ಕಾಗದ ತೆಗೆದುಕೊಂಡು ಹೋದೆ. ಕೊಡ ಹಿಡಿದು ನಿಂತ ಹೆಂಗಸರ ಮುಂದೆ, ಕಟ್ಟೆಯವರ ಮುಂದೆ ಭಾಗ್ಯ ನನ್ನನ್ನು ನಿಲ್ಲಿಸಿ, “ಅಂದು ಬಳದಾವ ಯಾರು, ಹೇಳು,” ಅಂದಳು. ಹೇಳಿದೆ. ಹುಸೇನಪ್ಪನಲ್ಲ, ನಾನು ಅಂದೆ. ಯಾರು ಬಳಿಸಿದರು ಅನ್ನುವುದನ್ನೂ ಹೇಳಿದೆ. ಸಾಹುಕಾರ ಎದ್ದು ನಿಂತ.

“ಹಳೇದೆಲ್ಲ ಎದಕ್ಕ ತೆಗಿತೀರಿ? ಏ ಹುಡುಗಿ, ಯಾರನ್ನ ಕೇಳಿ ಬಣ್ಣ ಬಳೀತಿ?”

“ನಿಮ್ಮನ್ನ ಕೇಳಿ ಬಳದದ್ದು ಸಾಕಾಗೈತಿ ಮುತ್ಯಾ,” ಅಂದಳು.

ನಾನು ಡಬ್ಬಿಯ ಮುಚ್ಚಳ ತೆಗೆದು, ಕಲಸಿ, ಬ್ರಶ್ ಅದ್ದಿದೆ. ಭಾಗ್ಯ ನನ್ನ ಕೈಯಿಂದ ಬ್ರಶ್ ಕಿತ್ತುಕೊಂಡಳು.

“ನೀ ಮುಟ್ಟಬ್ಯಾಡ. ನೀ ಬಳದ್ರ ಯಾರು ನಂಬತಾರ?”

ಅವಳಿಗೆ ಬಳಿಯಲು ಬರುವುದಿಲ್ಲ. ತಿಕ್ಕದೆಯೇ ಹಚ್ಚಿದಳು, ಬಣ್ಣ ದಪ್ಪಾಗಿ ಸೋರಿ ಬಂಡೆಯ ಮೇಲೆ ಇಳಿಯಿತು. ಹಿಡಿಕೆಯ ಅಡಿಯಲ್ಲಿ, ಮೂತಿಯ ಹಿಂದೆ ಅಷ್ಟಷ್ಟು ನೀಲಿ ಹಾಗೇ ಉಳಿಯಿತು. ಅದು ಒಂದು ಮಳೆಗಾಲವೂ ತಡೆಯುವುದಿಲ್ಲ ಎಂದು ನನಗೆ ಕಾಣುತ್ತಿತ್ತು. ಹೇಳಲು ಬಾಯಿ ತೆರೆದೆ. ಅವಳು ತಿರುಗಿ ನೋಡಲಿಲ್ಲ. ನಾನು ಡಬ್ಬಿ ಹಿಡಿದುಕೊಂಡು, ಅವಳು ಬ್ರಶ್ ಅದ್ದಲು ಬಗ್ಗಿದಾಗಲೆಲ್ಲ ಅದನ್ನು ಇನ್ನಷ್ಟು ಕೆಳಗೆ ಹಿಡಿಯುತ್ತಾ ನಿಂತೆ.